ಆಯುಧಪೂಜೆ ತಡೆಯುವ ಕ್ಯಾಲ್ಕುಲೇಟರ್

ಕುಂಬಾರಕೊಪ್ಪಲಿನ ಹಿಟ್ಟಿನ ಮಿಲ್ಲಿನ ಷಟರ್ ಇನ್ನೂ ಅರ್ಧಕ್ಕೇ ಎದ್ದಿದೆ. ಒಳಗೆ ಬೀರಯ್ಯ ಮೋಟರಿನ ಬೆಲ್ಟನ್ನು ಎಳೆದೆಳೆದು ನೋಡುತ್ತಿದ್ದಾರೆ. ಹೊರಗೆ ಹಾಲಿನ ಗಾಡಿಯವನು ಕ್ರೇಟುಗಳನ್ನು ಕುಕ್ಕುತ್ತಿದ್ದಾನೆ. ಗಿರಿಜಾಂಬಾ ಷಟರಿನಡಿ ತಲೆ ಬಗ್ಗಿಸಿ ಒಳಗೆ ಬಂದು, ಕೋಲನ್ನು ಬಾಗಿಲ ಮೂಲೆಗೆ ಒರಗಿಸಿ, ಕುರ್ಚಿಯಲ್ಲಿ ಕೂರುವ ಮೊದಲು ತಕ್ಕಡಿಯ ಮುಳ್ಳನ್ನು ಎರಡು ಬೆರಳಲ್ಲಿ ಸವರುತ್ತಾರೆ. ಮುಳ್ಳು ನೆಟ್ಟಗಿದೆ. ಮಿಲ್ಲಿನಲ್ಲಿ ಬೆಳಗಾಯಿತು ಎಂದರೆ ಅಷ್ಟೇ. ಐವತ್ತು ದಾಟಿದ ಈ ಹೆಂಗಸಿಗೆ ಹದಿಹರೆಯದಿಂದಲೂ ಕಣ್ಣು ಕಾಣುವುದಿಲ್ಲ. ಆದರೆ ಅವರ ಸಿಟ್ಟು ಅದರ ಮೇಲಲ್ಲ.

ಸಿಟ್ಟು ಕ್ಯಾಲ್ಕುಲೇಟರಿನ ಮೇಲೆ. ಯಾವುದೋ ಒಂದರ ಮೇಲಲ್ಲ. ಲೋಕದಲ್ಲಿರುವ ಎಲ್ಲ ಕ್ಯಾಲ್ಕುಲೇಟರುಗಳ ಮೇಲೆ, ಅವನ್ನು ಮಾಡಿದವರ ಮೇಲೆ, ಮಾಡುವಾಗ ತಮ್ಮಂಥವರನ್ನು ಒಂದು ಮಾತೂ ಕೇಳದವರ ಮೇಲೆ. ಈ ಸಿಟ್ಟಿಗೆ ಈಗ ಗಡುವೊಂದು ಬಿದ್ದಿದೆ. ಮಿಲ್ಲಿನ ಮಾಲೀಕ ವಿಶ್ವನಾಥ್ ಗಾಜಿನ ಮುಖದ ಬಿಲ್ಲಿಂಗ್ ಯಂತ್ರವೊಂದನ್ನು ಗೊತ್ತು ಮಾಡಿ ಬಂದಿದ್ದಾರೆ. ಅದರಲ್ಲಿ ಗುಂಡಿಗಳಿಲ್ಲ, ಬರೀ ನುಣುಪು. ಬರುವ ಆಯುಧಪೂಜೆಯ ದಿನ ಅದು ಗಿರಿಜಾಂಬಾ ಅವರ ಮೇಜಿನ ಮೇಲೆ ಬಂದು ಕೂರುತ್ತದೆ. ಅಂದಿಗೆ ಗಿರಿಜಾಂಬಾ ಅವರ ಕುರ್ಚಿ ಗೋಡೆಯ ಪಕ್ಕಕ್ಕೆ ಸರಿಯುತ್ತದೆ.

ಇಂದಿನ ಮೊದಲ ಗಿರಾಕಿ ತಿಂಗಳ ರಾಗಿ ತಂದಿದ್ದಾರೆ. ಗಿರಿಜಾಂಬಾ ಡಬ್ಬದಲ್ಲಿ ಮೊಗೆದು ತೂಗುತ್ತಾ ಎಣಿಸುತ್ತಾರೆ: "ಲಾಭ. ಎರಡು. ಮೂರು." ಒಂದು ಎನ್ನುವುದಿಲ್ಲ. ಧಾನ್ಯ ಅಳೆಯುವಾಗ ಮೊದಲನೆಯದಕ್ಕೆ ಲಾಭವೆನ್ನುವುದು ಹಿಂದಿನವರ ಪದ್ಧತಿ. ಅಳೆಯುವವರು ಕಡಿಮೆಯಾದಂತೆ ಆ ಮಾತೂ ಕಡಿಮೆಯಾಗಿ, ಈಗ ಇಂಥ ಕೆಲವು ನಾಲಿಗೆಗಳಲ್ಲಿ ಉಳಿದುಕೊಂಡಿದೆ. ತೂಕ ಮುಗಿಯುತ್ತಲೇ ಬೀರಯ್ಯ ಸ್ವಿಚ್ಚು ಹಾಕುತ್ತಾರೆ. ಕಲ್ಲು ತಿರುಗತೊಡಗಿದ ಮೇಲೆ ಮಿಲ್ಲಿನಲ್ಲಿ ಮಾತೆಂಬುದಿಲ್ಲ, ಇರುವುದು ಕೂಗು ಮಾತ್ರ.

ಆ ಗದ್ದಲದಲ್ಲೇ ಗಿರಿಜಾಂಬಾ ಮಡಿಲಲ್ಲಿರುವ ಸಾದಾ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತಿ, ಅದರ ಮುಖವನ್ನು ಬೀರಯ್ಯನವರ ಕಡೆ ಎತ್ತಿ ಹಿಡಿಯುತ್ತಾರೆ, ಪೂಜಾರಿ ಮಂಗಳಾರತಿ ತೋರಿಸಿದ ಹಾಗೆ. ಬೀರಯ್ಯ ರಾಗಿ ಸುರಿಯುವುದನ್ನು ಬಿಟ್ಟು ಬಂದು, ಕಣ್ಣು ಕಿರಿದು ಮಾಡಿ, "ತೊಂಬತ್ತು!" ಎಂದು ಕೂಗುತ್ತಾರೆ. ಹೆಲ್ಮೆಟ್ ತೆಗೆಯದೆ ನಿಂತಿದ್ದ ಗಿರಾಕಿಗೆ ಅದು ಒಂಬತ್ತೆಂದು ಕೇಳಿಸುತ್ತದೆ. ಅವರು ಹತ್ತರ ನೋಟು ಚಾಚಿ ಚಿಲ್ಲರೆಗೆ ಕಾಯುತ್ತಾರೆ. ನೋಟಿನ ಅಂಚನ್ನು ಬೆರಳಲ್ಲಿ ಅಳೆದ ಗಿರಿಜಾಂಬಾ ಮುಖ ಎತ್ತುತ್ತಾರೆ.

"ಒಂಬತ್ತು ರೂಪಾಯಿಗೆ ಗಾಳಿ ಬೀಸ್ಕೋಬೋದು ಸ್ವಾಮಿ. ರಾಗಿ ಬೀಸಕ್ಕಾಗಲ್ಲ."

ಗಿರಾಕಿ ನಗುತ್ತಾರೆ. ಗಿರಿಜಾಂಬಾ ನಗುವುದಿಲ್ಲ. ಒಂಬತ್ತು, ತೊಂಬತ್ತುಗಳ ಈ ಜಗಳ ಅವರಿಗೆ ದಿನವೂ ಇದ್ದದ್ದೇ. ಕನ್ನಡದಲ್ಲಿ ಇವೆರಡರ ನಡುವೆ ಇರುವುದು ಒಂದೇ ಒಂದು ತಕಾರ, ಅದನ್ನು ಮಿಲ್ಲಿನ ಕಲ್ಲು ಬೆಳಗಿಂದ ಸಂಜೆಯವರೆಗೆ ರಾಗಿಯ ಜೊತೆಗೇ ನುರಿಯುತ್ತಿರುತ್ತದೆ.

ಲೆಕ್ಕ ಅವರಿಗೆ ಬಾಯಲ್ಲೇ ಬರುತ್ತದಲ್ಲ, ಕ್ಯಾಲ್ಕುಲೇಟರ್ ಯಾಕೆ ಎಂದು ಕೇಳುವವರಿದ್ದಾರೆ. ಕುರುಡರ ತಲೆಯೊಳಗೆ ದೇವರು ಗಣಿತ ತುಂಬಿ ಕಳಿಸುತ್ತಾನೆಂದು ನಂಬುವ ಈ ದಯಾಳುಗಳ ಮೇಲೆ ಗಿರಿಜಾಂಬಾ ಅವರಿಗೆ ಪ್ರತ್ಯೇಕ ಸಿಟ್ಟಿದೆ. "ಬರುತ್ತೆ, ತಪ್ಪೂ ಬರುತ್ತೆ. ಸಕ್ಕರೆ ಕಾಯಿಲೆ ಬಂದಮೇಲೆ ಊಟದ ಹೊತ್ತು ಮೀರಿದ್ರೆ ನನಗೆ ಎಂಟೂ ಏಳೂ ಎಷ್ಟು ಅಂತ ಹೊಳೆಯಲ್ಲ. ಅದು ಬಿಡಿ. ನನ್ನ ಲೆಕ್ಕ ನನಗೆ ಸರಿ ಇದ್ರೆ ಸಾಲ್ದು ಕಣ್ರೀ. ಗಿರಾಕಿಗೆ ಸಾಕ್ಷಿ ಬೇಕು. ಕಣ್ಣಿದ್ದೋರು ಹೇಳಿದ್ರೆ ಸುಮ್ನೆ ಕೊಡ್ತಾರೆ. ನಾನು ಹೇಳಿದ್ರೆ 'ಇನ್ನೊಂದ್ಸಲ ನೋಡಮ್ಮ' ಅಂತಾರೆ. ಎಲ್ಲಿಂದ ನೋಡ್ಲಿ?"

ಹಿಂದೆ ಆ ಸಾಕ್ಷಿ ಇತ್ತು. ಅದರ ಹೆಸರು ದೊರೆಸಾನಿ.

ದೊರೆಸಾನಿ ಒಂದು ಮಾತಾಡುವ ಕ್ಯಾಲ್ಕುಲೇಟರ್. ಗುಂಡಿ ಒತ್ತಿದರೆ ಇಂಗ್ಲಿಷಿನ ಹೆಣ್ಣುದನಿಯೊಂದು ಅಂಕಿ ಹೇಳುತ್ತಿತ್ತು, ಹಾಗಾಗಿ ಆ ಹೆಸರು. ಅದಕ್ಕೂ ಮೊದಲು, ಗಿರಿಜಾಂಬಾ ಅವರ ಪ್ರಾಯದಲ್ಲಿ, ರಾಜೀವನಗರದ ಮೂಲೆಯೊಂದರಲ್ಲಿ ಅವರ ಎಸ್‌ಟಿಡಿ ಬೂತ್ ಇತ್ತು. ಅಂಧರ ಶಾಲೆಯಲ್ಲಿ ಕಲಿತ ಬೆರಳುಗಳಿಗೆ ಫೋನಿನ ಗುಂಡಿಗಳು ಮನೆಯ ಮೆಟ್ಟಿಲಿನಷ್ಟು ಪರಿಚಿತ. ಮೊಬೈಲು ಬಂತು, ಬೂತು ಹೋಯಿತು. ಅಲ್ಲಿಗೆ ಬಂದು ದಾವಣಗೆರೆಯ ಧಾನ್ಯದ ಮಂಡಿಗೆ ಫೋನು ಮಾಡುತ್ತಿದ್ದ ಮಿಲ್ಲಿನ ಸಿದ್ದಲಿಂಗಸ್ವಾಮಿಯವರು, ಅಂದರೆ ವಿಶ್ವನಾಥ್ ಅವರ ತಂದೆ, "ನಂಬರ್ ಒಂದೂ ತಪ್ಪದೆ ಹಚ್ಚೋರು ತೂಕ ತಪ್ತೀರಾ, ಬನ್ನಿ" ಎಂದು ಕರೆದುಕೊಂಡು ಬಂದು ತಕ್ಕಡಿಯ ಮುಂದೆ ಕೂರಿಸಿದರು.

ಬಂದ ಹೊಸದರಲ್ಲೇ ತಪ್ಪಾಯಿತು. ಕಾರಣ ವಿಚಿತ್ರವಾದದ್ದು. ಫೋನಿನಲ್ಲಿ ಒಂದು, ಎರಡು, ಮೂರು ಮೇಲಿನ ಸಾಲಿನಲ್ಲಿರುತ್ತವೆ. ಕ್ಯಾಲ್ಕುಲೇಟರಿನಲ್ಲಿ ಅದೇ ಜಾಗದಲ್ಲಿ ಏಳು, ಎಂಟು, ಒಂಬತ್ತು. ಕಣ್ಣಿದ್ದವರು ಇಷ್ಟು ವರ್ಷ ಎರಡನ್ನೂ ಬಳಸಿಯೂ ಇದನ್ನು ಗಮನಿಸಿರಲಾರರು. ಗಿರಿಜಾಂಬಾ ಅವರ ಬೆರಳು ಫೋನಿನ ದಾರಿಯಲ್ಲೇ ಹೋಗಿ, ಒಂದರ ಬದಲು ಏಳನ್ನು ಒತ್ತುತ್ತಿತ್ತು. "ಯಾವನು ಕಣ್ರೀ ಇದನ್ನ ಮಾಡಿದ್ದು? ಒಂದೇ ಬೀದೀಲಿ ಮನೆ ನಂಬರನ್ನ ಒಬ್ಬ ಕೆಳಗಿಂದ ಬರೆದ, ಒಬ್ಬ ಮೇಲಿಂದ ಬರೆದ. ಪೋಸ್ಟ್‌ಮನ್ ಸಾಯಬೇಕು." ಇಷ್ಟು ವರ್ಷದ ಹಿಂದಿನ ಕೋಪ ಇವತ್ತು ಬೀಸಿದ ಹಿಟ್ಟಿನಂತೆ ಬೆಚ್ಚಗಿದೆ.

ಎರಡರಲ್ಲೂ ಒಂದು ಮಾತ್ರ ಸಮ. ನಟ್ಟನಡುವಿನ ಐದರ ಮೇಲೊಂದು ಪುಟ್ಟ ಉಬ್ಬು. ಗಿರಿಜಾಂಬಾ ಅದನ್ನು ಮೂಗುಬೊಟ್ಟು ಎನ್ನುತ್ತಾರೆ. ಬೆರಳು ಆ ಮೂಗುಬೊಟ್ಟನ್ನು ಹುಡುಕಿಕೊಂಡರೆ ಅಲ್ಲಿಂದ ಎಲ್ಲ ಅಂಕಿಗಳ ಮನೆಗೂ ದಾರಿ ಗೊತ್ತು. ದೊರೆಸಾನಿಗೂ ಅದಿತ್ತು. ಅವಳ ಸಾವಿಗೂ ಅದೇ ಕಾರಣವಾಯಿತು.

ಮೈಸೂರಿನಲ್ಲಿ ಆಯುಧಪೂಜೆಯ ದಿನ ಕುಂಕುಮ ತಪ್ಪಿಸಿಕೊಂಡ ಯಂತ್ರವಿಲ್ಲ. ಬಸ್ಸಿನಿಂದ ಹಿಡಿದು ಸ್ಟೇಪ್ಲರಿನವರೆಗೆ, ದುಡಿಯುವುದೆಲ್ಲಕ್ಕೂ ಅಂದು ಹಣೆ ಮೂಡುತ್ತದೆ. ಕಳೆದ ಆಯುಧಪೂಜೆಗೆ ಬೀರಯ್ಯ ಕಲ್ಲಿಗೆ, ಮೋಟರಿಗೆ, ತಕ್ಕಡಿಗೆ ಪೂಜೆ ಮುಗಿಸಿ, ಕೊನೆಗೆ ದೊರೆಸಾನಿಯನ್ನು ಎತ್ತಿಕೊಂಡರು. ದನಿ ಬರುವ ತೂತುಗಳ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಬೊಟ್ಟು ಎಲ್ಲಿಡುವುದೆಂದು ಹುಡುಕಿದವರಿಗೆ ಐದರ ಮೇಲಿನ ಉಬ್ಬು ಸಿಕ್ಕಿತು. ಇಡುವುದಕ್ಕೇ ಮಾಡಿಟ್ಟ ಜಾಗದಂತಿತ್ತು. ಗಂಧ ತೇದು ಧಾರಾಳವಾಗಿ ಇಟ್ಟು, ಅದರ ಮೇಲೆ ಕುಂಕುಮ ಒತ್ತಿ, ಅಕ್ಷತೆ ಹಾಕಿ, ನಿಂಬೆಹಣ್ಣು ಹಿಂಡಿದರು.

ಮಿಲ್ಲು ಮತ್ತೆ ತೆರೆದ ದಿನ ದೊರೆಸಾನಿ ಯಾವ ಗುಂಡಿ ಒತ್ತಿದರೂ "ಫೈವ್ ಫೈವ್ ಫೈವ್" ಎನ್ನತೊಡಗಿದಳು. ಯಾರೂ ಒತ್ತದಿದ್ದಾಗಲೂ ಎಂದಳು. ಸೆಲ್ ಕಿತ್ತ ಮೇಲೆ ಸುಮ್ಮನಾದವಳು ಮತ್ತೆ ಬಾಯಿ ಬಿಡಲಿಲ್ಲ. ಬೀರಯ್ಯ ಬಿಚ್ಚಿ ತೊಳೆಯಲು ನೋಡಿದರು. ಆಗ ಇನ್ನೊಂದು ಸತ್ಯ ಹೊರಬಿತ್ತು: ಬಿಸಿಲಿನಿಂದ ಓಡುತ್ತದೆ ಎಂದು ನಂಬಿಸಿದ್ದ ನೆತ್ತಿಯ ಕಪ್ಪುಪಟ್ಟಿಗೆ ಒಳಗೆ ಒಂದು ತಂತಿಯೂ ಇರಲಿಲ್ಲ. ಅದು ಬರೀ ಪ್ಲಾಸ್ಟಿಕ್ಕಿನ ಅಲಂಕಾರ. ಸೂರ್ಯನ ಹೆಸರಲ್ಲೂ ಮೋಸವೇ ಎಂದು ಗಿರಿಜಾಂಬಾ ಇಂದಿಗೂ ಕೇಳುತ್ತಾರೆ. ದಿನಾ ಬೆಳಗ್ಗೆ ಅದನ್ನು ಬಿಸಿಲಿಗೆ ಇಟ್ಟು ಕಾದವರು ಅವರು.

ಬೀರಯ್ಯ ತಪ್ಪು ಒಪ್ಪುವುದಿಲ್ಲ. "ನಾನೇನ್ ಕೆಟ್ಟದ್ಕೆ ಮಾಡಿದ್ನಾ? ಅಕ್ಕನ ಆಯುಧ ಅಲ್ವಾ ಅದು? ಎಲ್ಲಾಕು ಇಟ್ಟು ಅದುಕ್ ಬುಟ್ರೆ ಎಂಗೆ?" ಎನ್ನುತ್ತಾರೆ. ಅಂದಿನಿಂದ ಗಿರಿಜಾಂಬಾ ಅವರ ಕನಸಿನ ಕ್ಯಾಲ್ಕುಲೇಟರಿನ ಮೊದಲ ಲಕ್ಷಣ ನಿಶ್ಚಯವಾಗಿದೆ. ನೀರು ತಡೆಯಬೇಕು, ಧೂಳು ತಡೆಯಬೇಕು ಎಂಬುದೆಲ್ಲ ಆಮೇಲೆ. ಅದು ಆಯುಧಪೂಜೆ ತಡೆಯಬೇಕು.

ಇನ್ನೊಂದು ದೊರೆಸಾನಿ ಸಿಗಲಿಲ್ಲ. ಅಂಗಡಿಯವರು ಅದೆಲ್ಲ ಈಗ ಬರುವುದಿಲ್ಲ, ಫೋನಲ್ಲೇ ಇದೆಯಲ್ಲ ಎಂದರು. ಫೋನು ಗಿರಿಜಾಂಬಾ ಅವರಲ್ಲೂ ಇದೆ. ಮನೆಯಲ್ಲಿ ಅದನ್ನು ಕಿವಿಗಿಟ್ಟುಕೊಂಡು ಬೇಕಾದ್ದು ಮಾಡುತ್ತಾರೆ. ಮಿಲ್ಲಿನಲ್ಲಿ ಬೆರಳಿಗೆ ಹಿಟ್ಟು, ಕಿವಿಗೆ ಕಲ್ಲು. ಅಲ್ಲಿ ಗಾಜು ಕೈಗೆ ಸಿಗುವುದಿಲ್ಲ, ಮಾತು ಕಿವಿಗೆ ಬೀಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿಸುವುದು ಮೇಜಿನ ಮೇಲೇ ಇರುವ ಇನ್ನೊಂದು ಡಬ್ಬ. ಗಿರಾಕಿಗಳು ಫೋನಿನಿಂದ ಸ್ಕ್ಯಾನ್ ಮಾಡಿ ಹಣ ಕಳಿಸಿದರೆ, ಇಷ್ಟು ರೂಪಾಯಿ ಬಂದಿದೆ ಎಂದು ಕೂಗಿ ಹೇಳುವ ಡಬ್ಬ. ಅದು ಅಚ್ಚಕನ್ನಡದಲ್ಲಿ ಕೂಗುತ್ತದೆ. ಎದುರಿನ ಎಳನೀರಿನ ಗಾಡಿಯಲ್ಲೂ ಅದಿದೆ. "ಕೇಳಿದ್ರಾ? ದುಡ್ಡು ಬಂತು ಅನ್ನೋದಕ್ಕೆ ಅದಕ್ಕೆ ಕನ್ನಡ ಬರುತ್ತೆ. ಎಷ್ಟಾಯ್ತು ಅಂತ ಲೆಕ್ಕ ಹೇಳೋದಕ್ಕೆ ಮಾತ್ರ ಯಾರೂ ಕಲಿಸಲಿಲ್ಲ. ಬರೋದನ್ನ ಎಣಿಸೋರಿಗೆ ಒಂದು ಭಾಷೆ, ಕೂತು ದುಡಿಯೋರಿಗೆ ಇನ್ನೊಂದಾ?" ಈ ಪ್ರಶ್ನೆಯನ್ನು ಯಾರಿಗೆ ಕಳಿಸಬೇಕೆಂದು ಗೊತ್ತಿಲ್ಲದೆ ಅವರು ಬಂದ ಗಿರಾಕಿಗಳನ್ನೆಲ್ಲ ಕೇಳುತ್ತಾರೆ. ಗಿರಾಕಿಗಳು ಹಿಟ್ಟು ತೆಗೆದುಕೊಂಡು ಹೋಗುತ್ತಾರೆ.

ಸಾಕ್ಷಿ ಹೋದ ಮೇಲೆ ಜಗಳ ಹೆಚ್ಚಿತು. ಬೀರಯ್ಯ ಅಂಕಿ ಓದಲು ಬಂದಾಗಲೆಲ್ಲ ಕಲ್ಲಿನ ಬಾಯಿ ಖಾಲಿ ತಿರುಗುತ್ತದೆ, ಒಮ್ಮೆ ಹಾಗೆ ಬಂದಾಗ ಗೋಧಿಯ ಮೇಲೆ ಮೆಣಸಿನಕಾಯಿ ಬಿದ್ದು ಬೀದಿಯೆಲ್ಲ ಸೀನಿತು. ವಿಶ್ವನಾಥ್ ಕೆಟ್ಟವರಲ್ಲ. ಗಾಜಿನ ಯಂತ್ರದ ವಿಷಯ ಹೇಳುವಾಗ ಅವರ ದನಿ ಕುಗ್ಗಿತ್ತು. ಸಂಬಳ ನಿಲ್ಲುವುದಿಲ್ಲ, ಆರಾಮವಾಗಿ ಪಕ್ಕದಲ್ಲಿ ಕೂತಿರಿ, ಅಪ್ಪನ ಕಾಲದವರು ನೀವು, ಮಿಲ್ಲಿಗೆ ಒಂದು ಕಳೆ ಎಂದರು. ಎಂದಿನಂತೆ ವಿಶ್ವಣ್ಣ ಎನ್ನದೆ ಗಿರಿಜಾಂಬಾ ಅಂದು ಪೂರ್ತಿ ಹೆಸರು ಹಿಡಿದರು.

"ಕಳೆಗೆ ಬಾಳೆಕಂಬ ಕಟ್ಟಿಸಿ ವಿಶ್ವನಾಥ್ ಅವ್ರೆ. ನಾನು ಯಾಕೆ?"

ಆಷಾಢದಲ್ಲಿ ಲಹರಿ ಬಂದದ್ದು ಈ ಹೊತ್ತಿನಲ್ಲೇ. ನಗರದ ಒಂದು ಡಿಸೈನ್ ಕಾಲೇಜಿನ ಕೊನೆಯ ವರ್ಷದ ಹುಡುಗಿ. ನಾಳೆಯ ಕೈ-ಕ್ಯಾಲ್ಕುಲೇಟರ್ ಹೇಗಿರಬೇಕೆಂದು ಜನರನ್ನು ಕೇಳಿ, ಮಾದರಿಯೊಂದನ್ನು ಮಾಡಿ ಪ್ರದರ್ಶನಕ್ಕಿಡುವುದು ಅವಳ ತಂಡದ ಕೆಲಸ. ಅಲ್ಲಿಯವರೆಗೆ ಕೇಳಿದವರೆಲ್ಲ ತೆಳ್ಳಗಿರಲಿ, ಫೋಟೊ ತೆಗೆಯುವಂತಿರಲಿ ಎಂದಿದ್ದರು. ಮಿಲ್ಲಿನಲ್ಲಿ "ನಿಮ್ಮ ಕನಸಿನ ಕ್ಯಾಲ್ಕುಲೇಟರ್ ಹೇಗಿರಬೇಕು ಮ್ಯಾಮ್?" ಎಂದು ಕೇಳಿದ ಅವಳಿಗೆ, ಇಷ್ಟು ವರ್ಷ ಯಾರೂ ಕೇಳದೆ ಕೂಡಿಟ್ಟದ್ದು ಒಟ್ಟಿಗೇ ಸಿಕ್ಕಿತು.

ಮೊದಲು ಮ್ಯಾಮ್ ಅನ್ನಬೇಡ ಎಂದರು ಗಿರಿಜಾಂಬಾ. ಆಮೇಲೆ ಶುರುಮಾಡಿದರು. ಗುಂಡಿಗಳು ಗುಂಡಿಗಳಾಗಿರಬೇಕು, ಒತ್ತಿದರೆ ಒಳಗೆ ಹೋಗಿ ಟಕ್ಕೆಂದು ಮೇಲೆ ಬರಬೇಕು. ಐದಕ್ಕೆ ಮೂಗುಬೊಟ್ಟು ಇರಲೇಬೇಕು, ಅದನ್ನು ಯಾರ ಭಕ್ತಿಯೂ ಮುಚ್ಚದಂತಿರಬೇಕು. ಗಿರಾಕಿಯ ಜೊತೆ ಅವರ ಸೊಸೆಯ ಬಾಣಂತನದ ವಿಷಯ ಮಾತಾಡುತ್ತಿದ್ದರೆ ಅಷ್ಟರಲ್ಲಿ ತಾನೇ ಆರಿಹೋಗಿ ಲೆಕ್ಕವನ್ನೆಲ್ಲ ಮರೆಯಬಾರದು. ಮಾತು ಮುಗಿಯುವವರೆಗೆ ಕಾಯುವಷ್ಟು ಮರ್ಯಾದೆ ಬೇಕು. ಇನ್ನೊಂದು ಸಲ ಹೇಳು ಅಂದರೆ ಹೇಳಬೇಕು, ದನಿ ಏರಿಸಬಾರದು. ಕಣ್ಣಿದ್ದವರಿಗೆ ಎರಡನೇ ಸಲ ಕೇಳಿದರೆ ದನಿ ಏರುತ್ತದೆ, ಯಂತ್ರಕ್ಕೆ ಆ ರೋಗ ಯಾಕೆ? ಬೆಳಗ್ಗೆ ಹೊತ್ತಿಸುತ್ತಲೇ ಸೊನ್ನೆ ಎನ್ನಬಾರದು. ಅಂಗಡಿ ತೆಗೆದ ಕೂಡಲೇ ಏನೂ ಇಲ್ಲ ಎಂದು ಸಾರುವ ಆಳನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಒಂದಕ್ಕೆ ಲಾಭ ಎನ್ನಬೇಕು. ಮುಕ್ಕಾಲಿಗೆ ಮುಕ್ಕಾಲು ಎನ್ನಬೇಕು.

"ಮತ್ತೆ ಕಲ್ಲು ತಿರುಗೋವಾಗ ಮಾತು ಕೇಳಲ್ಲ ಕಣಮ್ಮ. ಆಗ ಕೈಗೆ ಹೇಳಬೇಕು. ಅಂಗೈಗೆ ನಡುಗಿ ಹೇಳಲಿ. ಹತ್ತಕ್ಕೆ ಉದ್ದ ನಡುಕ, ಬಿಡಿಗೆ ಚಿಕ್ಕ ನಡುಕ. ನನಗೆ ಅಷ್ಟು ಸಾಕು. ಗಿರಾಕಿಗೆ ಕೇಳೋ ಹಾಗೆ ಆಮೇಲೆ ಕೂಗಲಿ."

ಲಹರಿ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡು ಹೋದಳು. ಶ್ರಾವಣದಲ್ಲಿ ಪ್ರದರ್ಶನ ನಡೆಯಿತು. ಗಿರಿಜಾಂಬಾ ಅವರಿಗೆ ಕಾರು ಕಳಿಸಿ, ವೇದಿಕೆಗೆ ಕರೆದು ಕೂರಿಸಿದರು. ಕಣ್ಣಿಲ್ಲದೆಯೂ ಕಾಣುವವರು, ಒಳಗಣ್ಣಿನವರು ಎಂದು ಯಾರೋ ಉದ್ದಕ್ಕೆ ಹೊಗಳಿದರು. ಶಾಲು ಹೊದಿಸಿದರು. ಹಾರ ಹಾಕಿದರು. ಮೈಸೂರಿನಲ್ಲಿ ಸನ್ಮಾನವೆಂದ ಮೇಲೆ ಪೇಟ ತಪ್ಪುವುದಿಲ್ಲ, ಪೇಟವನ್ನೂ ಇಟ್ಟರು. ಯಾರದೋ ದೊಡ್ಡ ತಲೆಗೆ ತಂದ ಪೇಟ. ಅದು ಜಾರಿ ಗಿರಿಜಾಂಬಾ ಅವರ ಎರಡು ಕಿವಿಗಳನ್ನೂ ಮುಚ್ಚಿ ಕೂತಿತು.

ಆ ಸ್ಥಿತಿಯಲ್ಲಿ ಅವರ ಕೈಗೆ ನಾಳೆಯ ಕ್ಯಾಲ್ಕುಲೇಟರನ್ನು ಕೊಟ್ಟರು. ವೀಳ್ಯದೆಲೆಯಷ್ಟು ತೆಳ್ಳಗೆ, ಸೋಪಿನಷ್ಟು ನುಣ್ಣಗೆ. ಎಲ್ಲಿ ಸವರಿದರೂ ಮೂಗಿಲ್ಲ, ಬೊಟ್ಟಿಲ್ಲ. ಗುಂಡಿಗಳೆಲ್ಲ ಹಳೆಯ ಕಾಲದವು ಎಂದು ಮೇಷ್ಟ್ರೊಬ್ಬರು ಹೇಳಿ ತೆಗೆಸಿದ್ದರಂತೆ. ಎಲ್ಲೋ ಬೆರಳು ತಾಗಿ ಅದು ಮಾತಾಡಿತು. ಪೇಟವನ್ನು ಎತ್ತಿ ಕಿವಿಗೊಟ್ಟಾಗ ಕೇಳಿಸಿದ್ದು ವಾರ್ತೆ ಓದುವ ಕನ್ನಡ: "ಮೂರು ದಶಮಾಂಶ ಏಳು ಐದು." ಮೂರೂಮುಕ್ಕಾಲು ಎನ್ನುವುದಕ್ಕೆ ಇಷ್ಟು ದೂರ ಸುತ್ತಿಬರುವುದನ್ನು ಸಭೆ ಚಪ್ಪಾಳೆ ತಟ್ಟಿ ಸ್ವಾಗತಿಸಿತು. ಫೋಟೊ ತೆಗೆಯುವವರು ಮೇಡಂ ಸ್ವಲ್ಪ ಮೇಲೆ ನೋಡಿ ಎಂದರು.

ಗಿರಿಜಾಂಬಾ ಮೇಲೆ ನೋಡಲಿಲ್ಲ. ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡರು. ಎರಡು ಮಾತು ಹೇಳಿ ಎಂದು ಮೈಕು ಕೊಟ್ಟಾಗ ಅವರು ಹೇಳಿದ್ದು ನಿಜಕ್ಕೂ ಎರಡೇ.

"ನಮ್ಮ ಬೀರಯ್ಯ ಹಿಂದಿನ ಕ್ಯಾಲ್ಕುಲೇಟರಿಗೆ ಭಕ್ತಿಯಿಂದ ಗಂಧ ಮೆತ್ತಿ, ಅದರ ಕಿವಿ ಬಾಯಿ ಮುಚ್ಚಿದ. ನೀವು ಇವತ್ತು ನನಗೆ ಅದನ್ನೇ ಮಾಡಿದ್ರಿ."

ವಾಪಸು ಬರುವಾಗ ಅವರು ಕಾರನ್ನು ಕರೆಯಲಿಲ್ಲ, ಸಿಟಿ ಬಸ್ಸು ಹತ್ತಿದರು. ಶಾಲು ಈಗ ಮಿಲ್ಲಿನಲ್ಲಿದೆ. ಬೀರಯ್ಯ ಅದರಿಂದ ತಕ್ಕಡಿ ಒರೆಸುತ್ತಾರೆ. ಹತ್ತಿಯಲ್ಲ, ಹಿಟ್ಟು ಸರಿಯಾಗಿ ಹಿಡಿಯುವುದಿ‌ಲ್ಲ ಎಂಬುದು ಅವರ ದೂರು.

ಲಹರಿ ಮತ್ತೆ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಗೌರಿಹಬ್ಬ ಕಳೆದು ಒಂದು ಬೆಳಗ್ಗೆ, ತಂಡವಿಲ್ಲದೆ ಒಬ್ಬಳೇ ಬಂದು ಮಿಲ್ಲಿನ ಹೊಸ್ತಿಲಲ್ಲಿ ನಿಂತಳು. ಗಿರಿಜಾಂಬಾ ಅವಳನ್ನು ಸುಮಾರು ಹೊತ್ತು ನಿಲ್ಲಿಸಿಯೇ ಇಟ್ಟರು. ಕೂರು ಎನ್ನಲಿಲ್ಲ. ಕಲ್ಲು ನಿಂತಾಗ ಅವಳು ಒಂದು ಡಬ್ಬವನ್ನು ತಂದು ಅವರ ಕೈಗಿಟ್ಟಳು. ಟಿಫಿನ್ ಬಾಕ್ಸಿನಷ್ಟು ದಪ್ಪ, ಅಂಚೆಲ್ಲ ಒರಟು. ಮೇಲೆ ಹಳೆಯ ಫೋನೊಂದರಿಂದ ಕಿತ್ತ ಗುಂಡಿಗಳು. ಗಿರಿಜಾಂಬಾ ಅವರ ಬೆರಳು ನೇರ ನಡುವಿಗೆ ಹೋಯಿತು. ಮೂಗುಬೊಟ್ಟು ಇತ್ತು. ಅಲ್ಲಿಂದ ಮೇಲಿನ ಸಾಲಿಗೆ ಹೋಯಿತು. ಒಂದು ಮೇಲಿತ್ತು.

"ಫೋನಿನ ಹಾಗೇ ಇಟ್ಟಿದ್ದೀನಿ ಆಂಟಿ. ಗುಂಡಿ ಮೇಲೆ ಪೂರ್ತಿ ರಬ್ಬರ್ ಹೊದಿಕೆ ಇದೆ. ಏನು ಮೆತ್ತಿದ್ರೂ ನಲ್ಲಿ ಕೆಳಗೆ ತೊಳೀಬಹುದು."

"ಪರೀಕ್ಷೆಗೆ ನಿಂಬೆಹಣ್ಣು ಹಿಂಡಿದ್ಯಾ?"

"ಹಿಂಡಿದೆ."

"ಹಾಗಾದ್ರೆ ಕೂತ್ಕೋ."

ಅಂಗೈಯಲ್ಲಿಟ್ಟರೆ ಅದು ನಡುಗಿ ಹೇಳುತ್ತಿತ್ತು. ಮಾತು ಮಾತ್ರ ಇನ್ನೂ ಇರಲಿಲ್ಲ. ಯಾರ ದನಿ ಹಾಕುವುದು ಎಂಬುದು ಪ್ರಶ್ನೆ. ನಿಮ್ಮದನ್ನೇ ಹಾಕೋಣ ಎಂದಳು ಲಹರಿ. ಗಿರಿಜಾಂಬಾ ಒಪ್ಪಲಿಲ್ಲ, ನನ್ನ ಮಾತಿಗೆ ನನ್ನದೇ ದನಿ ಸಾಕ್ಷಿ ಹೇಳಿದರೆ ಗಿರಾಕಿ ನಂಬುತ್ತಾನೆಯೇ? ರೇಡಿಯೊದ ದನಿ ಈ ಗದ್ದಲಕ್ಕೆ ಸಾಲದು. ಬೇಕಾದದ್ದು ಕಲ್ಲಿನ ಸದ್ದನ್ನು ಸೀಳುವ ಗಂಟಲು. ಅಂಥ ಗಂಟಲು ಮೈಸೂರಿನಲ್ಲಿ ಒಂದಿತ್ತು, ಅದು ಪಕ್ಕದಲ್ಲೇ ನಿಂತು ಬೀಡಿ ಹುಡುಕುತ್ತಿತ್ತು.

ಬೀರಯ್ಯ ಮೊದಲು ನಾಚಿಕೊಂಡರು, ಆಮೇಲೆ ಕಲ್ಲಿನ ಮುಂದೆ ನಿಂತೇ ಕೂಗಿದರು. ಅವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹತ್ತು ಅತ್ತಾಯಿತು, ಹನ್ನೆರಡು ಅನ್ನೆರಡಾಯಿತು. ಲಹರಿ ತಿದ್ದಲು ಹೋದಳು. ಗಿರಿಜಾಂಬಾ ಬೇಡವೆಂದರು, ಇಲ್ಲಿಗೆ ಬರುವವರಿಗೆ ಅತ್ತು ಎಂದರೂ ಹತ್ತೇ ಅರ್ಥ. ತೊಂಬತ್ತರ ಜಗಳಕ್ಕೂ ಬೀರಯ್ಯನವರೇ ಪರಿಹಾರ ಹುಡುಕಿದರು: "ತೊಂಬತ್ತು, ದೊಡ್ದು!" ಎಂದು ಬಾಲ ಸೇರಿಸಿದರು. ಒಂದರ ಗುಂಡಿಗೆ ಲಾಭ ಎಂದರು. ಹನ್ನೊಂದು ಒತ್ತಿದರೆ ಡಬ್ಬ "ಲಾಭ, ಲಾಭ" ಎನ್ನುತ್ತದೆಂದು ತಿಳಿದಾಗ, ದೂರದಲ್ಲಿ ನಿಂತು ಕೇಳುತ್ತಿದ್ದ ವಿಶ್ವನಾಥ್ ಮೊದಲ ಸಲ ನಕ್ಕರು.

ನಕ್ಕರೇ ಹೊರತು ಮನಸ್ಸು ಬದಲಾಯಿಸಲಿಲ್ಲ. ಡಬ್ಬ ಚೆನ್ನಾಗಿದೆ, ಆದರೆ ಯಂತ್ರಕ್ಕೆ ಮುಂಗಡ ಕೊಟ್ಟಾಗಿದೆ. ಡಬ್ಬಕ್ಕೂ ಊನಗಳಿದ್ದವು: ನಡುಗುವ ಮೋಟರಿನ ತಂತಿ ಆಗಾಗ ಕೀಳುತ್ತಿತ್ತು, ಗುಣಾಕಾರದ ನಡುವೆ ಒಮ್ಮೊಮ್ಮೆ ಮೂಕವಾಗುತ್ತಿತ್ತು. ಲಹರಿ ಬಂದು ಬೆಸೆದು ಹೋಗುತ್ತಿದ್ದಳು. ಹೀಗೆ ಕುಂಟುತ್ತಾ ನವರಾತ್ರಿ ಬಂದಿತು.

ಆಯುಧಪೂಜೆಯ ಬೆಳಗ್ಗೆ ಕುಂಬಾರಕೊಪ್ಪಲಿನಲ್ಲಿ ಮಿಲ್ಲಿನ ಸದ್ದಿಲ್ಲ. ಕಲ್ಲಿಗೆ ಅಂದು ವಿಶ್ರಾಂತಿ. ಬಾಗಿಲಿಗೆ ಬಾಳೆಕಂಬ, ಹೊಸ್ತಿಲ ಹೊರಗೆ ಒಡೆಯಲು ಇಟ್ಟ ಬೂದುಗುಂಬಳ, ಒಳಗೆ ಧೂಪ. ಗಾಜಿನ ಯಂತ್ರ ಹಿಂದಿನ ದಿನವೇ ಬಂದು ಮೇಜಿನ ಮೇಲೆ ಕೂತಿದೆ. ಗಿರಿಜಾಂಬಾ ಅವರ ಕುರ್ಚಿ ಇನ್ನೂ ಸರಿದಿಲ್ಲ; ಪೂಜೆ ಮುಗಿದ ಮೇಲೆ ಸರಿಯಬೇಕು. ಅವರು ಅದರಲ್ಲಿ ಕೂತು, ಡಬ್ಬವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಾರೆ. ವಿಶ್ವನಾಥ್ ಹೊಸ ಯಂತ್ರಕ್ಕೆ ತಾವೇ ಗಂಧ ಕುಂಕುಮ ಇಟ್ಟು, ನೀರು ಚಿಮುಕಿಸಿದ ಚೆಂಡುಹೂವಿನ ಹಾರ ಹಾಕಿ, ಆರತಿ ಎತ್ತುತ್ತಾರೆ. ಬೀರಯ್ಯ ತಟ್ಟೆ ಹಿಡಿದು ಗಿರಿಜಾಂಬಾ ಅವರ ಮುಂದೆ ಬಂದು, ಡಬ್ಬ ಕೊಡಕ್ಕ ಎನ್ನುತ್ತಾರೆ.

"ಅದಕ್ಕೆ ಇವತ್ತು ರಜ ಇಲ್ಲ ಕಣಯ್ಯ. ಇಡೋದಾದ್ರೆ ನನ್ನ ಹಣೆಗೆ ಇಡು. ನಾನಾದ್ರೆ ತೊಳ್ಕೋತೀನಿ."

ತೊಳೆಯಬಹುದೆಂದು ಲಹರಿ ಹೇಳಿದ್ದಾಳೆ, ನಿಂಬೆಹಣ್ಣೂ ಹಿಂಡಿ ನೋಡಿದ್ದಾಳೆ. ಆದರೂ ಅವರು ಕೊಡುವುದಿಲ್ಲ. ಬೀರಯ್ಯ ನಿರಾಸೆಯಿಂದ ಅವರ ಹಣೆಗೇ ಇಡುತ್ತಾರೆ.

ಆಗ ಟರ್ರೆಂದು ಒಂದು ಸದ್ದು. ಮೊದಲು ಕೇಳಿಸುವುದು ಗಿರಿಜಾಂಬಾ ಅವರಿಗೆ. ಯಾರು ಬಂದರೆಂದು ಕೇಳುತ್ತಾರೆ. ಯಾರೂ ಬಂದಿಲ್ಲ. ಒದ್ದೆ ಹಾರ ಗಾಜಿಗೆ ತಾಗಿದೆ. ಗಾಜಿಗೆ ಬೆರಳಿಗೂ ಹೂವಿಗೂ ವ್ಯತ್ಯಾಸ ತಿಳಿಯದು. ಒಂದೊಂದು ಚೆಂಡುಹೂವೂ ಒಂದೊಂದು ಅಂಕಿ ಒತ್ತುತ್ತಿದೆ, ಯಂತ್ರ ಬಿಲ್ಲು ಹರಿಯುತ್ತಿದೆ.

"ಏನಂತೆ ಅದಕ್ಕೆ?"

"ಬಿಲ್ ಒಡೀತಾ ಐತೆ ಕಣಕ್ಕ. ದೇವ್ರಿಗೇ ಒಡೀತಾ ಐತೋ ಏನೋ."

ವಿಶ್ವನಾಥ್ ಹಾರ ಎತ್ತುತ್ತಾರೆ. ಗಂಧ ಒರೆಸಲು ಹೋಗಿ ಗಾಜಿನ ತುಂಬಾ ಬಳಿಯುತ್ತಾರೆ. ಯಂತ್ರ ಇನ್ನೂ ಉತ್ಸಾಹದಿಂದ ಬಿಲ್ಲು ಕೊಡುತ್ತದೆ. ಕೊನೆಗೆ ಅವರು ಪ್ಲಗ್ ಕಿತ್ತ ಮೇಲೆ, ನೆಲದವರೆಗೆ ಇಳಿದಿದ್ದ ಕಾಗದದ ಸುರುಳಿಯ ಪಕ್ಕದಲ್ಲಿ ನಿಂತು ಉಸಿರು ಬಿಡುತ್ತಾರೆ.

ಬಾಗಿಲಲ್ಲಿ ವಿಜಯನಗರದ ಅಂಬುಜಾ ನಿಂತಿದ್ದಾರೆ. ಮೊಮ್ಮಗುವಿಗೆ ರಾಗಿಸರಿ ಕಾಯಿಸಲು ಮೊಳಕೆ ರಾಗಿಯ ಎರಡು ಚೀಲಗಳನ್ನು ನಿನ್ನೆಯೇ ಬೀಸಲು ಕೊಟ್ಟಿದ್ದರು, ಒಯ್ಯಲು ಬಂದಿದ್ದಾರೆ. ಗಿರಿಜಾಂಬಾ ಎರಡು ಚೀಲಗಳನ್ನೂ ತೂಗುತ್ತಾರೆ. ಸೆರಗಿನೊಳಗಿಂದ ಡಬ್ಬ ಹೊರಬರುತ್ತದೆ. ಎರಡರ ತೂಕ ಕೂಡಿಸಲು ಬೆರಳು ಮೂಗುಬೊಟ್ಟನ್ನು ಮುಟ್ಟಿ ಅತ್ತಿತ್ತ ಹೋಗಿ ಬರುತ್ತದೆ. ಅಂಗೈಯಲ್ಲಿ ಡಬ್ಬ ನಡುಗುತ್ತದೆ. ಆಮೇಲೆ, ಕಲ್ಲಿನ ಸದ್ದಿಗೆಂದೇ ತುಂಬಿಟ್ಟ ಬೀರಯ್ಯನವರ ಗಂಟಲು, ಕಲ್ಲು ಮಲಗಿದ ಆ ಮೌನದಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗುತ್ತದೆ: "ಮೂರೂ ಮುಕ್ಕಾಲು!" ತಟ್ಟೆ ಹಿಡಿದು ನಿಂತಿದ್ದ ನಿಜವಾದ ಬೀರಯ್ಯ ಬೆಚ್ಚಿಬೀಳುತ್ತಾರೆ, ಕುಂಕುಮ ಚೆಲ್ಲುತ್ತದೆ. ಅಂಬುಜಾ ಇನ್ನೊಂದು ಸಲ ನೋಡಮ್ಮ ಎನ್ನುವುದಿಲ್ಲ. ಅಷ್ಟು ಕೇಜಿಯ ಹಣ ಕೊಟ್ಟು, ಹಿಟ್ಟು ಎತ್ತಿಕೊಂಡು, ದನಿ ಯಾರದೆಂದು ವಿಚಾರಿಸಿ ನಗುತ್ತಾ ಹೋಗುತ್ತಾರೆ.

ವಿಶ್ವನಾಥ್ ಕಾಗದದ ಸುರುಳಿ ಸುತ್ತುತ್ತಿದ್ದಾರೆ.

"ಗಿರಿಜಮ್ಮ, ಕುರ್ಚಿ ಅಲ್ಲೇ ಇರ್ಲಿ ಬುಡಿ."

"ಇವತ್ತಿಗಾ, ವಿಶ್ವನಾಥ್ ಅವ್ರೆ?"

ಅವರು ಸುರುಳಿ ಸುತ್ತಿ ಮುಗಿಸುತ್ತಾರೆ. "ನೀವಾಗೇ ಎದ್ದು ಹೋಗೋ ತನಕ. ಇದನ್ನ ಒಳಗೆ ಗೋಡೌನಿಗೆ ಹಾಕ್ತೀನಿ, ಸ್ಟಾಕ್ ಬರ್ಕೊಳ್ಳಕ್ಕೆ."

"ಸರಿ ವಿಶ್ವಣ್ಣ" ಎನ್ನುತ್ತಾರೆ ಗಿರಿಜಾಂಬಾ.

ಇಷ್ಟಾದರೂ ಅವರ ಸಿಟ್ಟು ಇಳಿದಿಲ್ಲ. ಒಂದು ಊರಿನ ಒಂದು ಮಿಲ್ಲಿನ ಒಂದು ಕುರ್ಚಿ ಉಳಿಯಲು ಒಬ್ಬ ಹುಡುಗಿಗೆ ನಾಚಿಕೆಯಾಗಬೇಕಾಯಿತು, ಒಂದು ಹಾರ ಒದ್ದೆಯಾಗಬೇಕಾಯಿತು. ಬೇರೆ ಊರುಗಳಲ್ಲಿ ಗಾಜಿನ ಮುಂದೆ ಕೂತು ಬೆರಳಾಡಿಸುತ್ತಿರುವವರಿಗೆ ಯಾವ ಹೂವು ಬಂದೀತು ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದವರಿಗೆ ಅವರ ಮಾತು ಇನ್ನೂ ತಲುಪಿಲ್ಲ. ತಲುಪುವವರೆಗೆ ಸನ್ಮಾನಗಳು ತಲುಪುತ್ತಿರುತ್ತವೆ. ಪೇಪರಿನಲ್ಲಿ ಹೆಸರು ಬಂದರೆ ಸಂಘದವರು ಕರೆಯುತ್ತಾರೆಂದು ಬೀರಯ್ಯ ಈಗಾಗಲೇ ಎಚ್ಚರಿಸಿದ್ದಾರೆ. ಗಿರಿಜಾಂಬಾ ಡಬ್ಬದ ಬೆನ್ನಿನ ಮುಚ್ಚಳ ಬಿಚ್ಚಿ, ಒಳಗಿನದನ್ನು ಹೆಬ್ಬೆರಳಲ್ಲಿ ತಿರುಗಿಸಿ ಗಟ್ಟಿಮಾಡುತ್ತಾ ಹೇಳುತ್ತಾರೆ:

"ಕರೆಯೋರಿಗೆ ಮೊದಲೇ ಹೇಳ್ಬುಡಿ. ಪೇಟ ಬೇಡ, ಶಾಲು ಬೇಡ. ಪೆನ್ಸಿಲ್ ಸೆಲ್ ಎರಡು ತನ್ನಿ. ಬೀರಯ್ಯನ ಗಂಟಲು ಸೆಲ್ ಬಹಳ ತಿನ್ನುತ್ತೆ."